ಹಿಡಿ ಮತ್ತು ಗುಲಗಂಜಿ

ಋಗ್ವೇದದ ಮೊದಲ ಮಂಡಲದ 50ನೇ ಸೂಕ್ತ ಸೂರ್ಯನದು. ಅದರ ಕೊನೆಯಲ್ಲಿ ಬರುವ ಬೇಡಿಕೆ ಮೋಕ್ಷದ್ದಲ್ಲ, ಸಿರಿಯದೂ ಅಲ್ಲ. ಎದೆಯ ರೋಗ ಕಳೆ, ಮೈಗೆ ಅಡರಿದ ಹಳದಿ ಕಳೆ ಎಂದು ಋಷಿ ಕೇಳುತ್ತಾನೆ. ಆ ಹಳದಿಯನ್ನು ಹಕ್ಕಿಗಳ ಮೈಗೆ ದಾಟಿಸುವ ಮಾತೂ ಅಲ್ಲಿದೆ. ಅಲ್ಲಿ ಹೇಳಿದ ಎದೆರೋಗ ಇವತ್ತಿನ ರಕ್ತನಾಳದ ಕಾಯಿಲೆಯೇ ಎಂದು ಹಟ ಹಿಡಿಯಬೇಕಾಗಿಲ್ಲ. ಎದೆಯ ಬಗ್ಗೆ ಮನುಷ್ಯನ ದಿಗಿಲು ಎಷ್ಟು ಹಳೆಯದು ಎಂಬುದಕ್ಕೆ ಅಷ್ಟು ಸಾಕು. ಅದೇ ಸೂರ್ಯನನ್ನು ಇವತ್ತು ಅಳೆದು ತೂಗಿ ಬಳಸುತ್ತಿರುವ ಊರೊಂದು ನಮ್ಮಲ್ಲಿದೆ. ಪಾವಗಡ ತಾಲ್ಲೂಕು ನಾಗಲಮಡಿಕೆ ಹೋಬಳಿಯ ತಿರುಮಣಿ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು ಎಂಬ ಐದು ಊರುಗಳ ಸುಮಾರು 13,000 ಎಕರೆ ಜಮೀನಿನ ಮೇಲೆ 2018ರಿಂದ ಎದ್ದು ನಿಂತ ಸೌರಪಾರ್ಕಿನ ಸಾಮರ್ಥ್ಯ 2,050 ಮೆಗಾವಾಟ್. ಬಿಸಿಲು ದೇವರದು, ಫಲಕ ಕಾರ್ಖಾನೆಯದು. ಆದರೂ ಅಲ್ಲಿಂದ ಹರಿದು ಬರುವ ಕರೆಂಟನ್ನು ಯಾರೂ ಕೃತಕ ಬಿಸಿಲೆಂದು ದೂರುವುದಿಲ್ಲ, ನೈಸರ್ಗಿಕ ಕರೆಂಟೆಂದು ಕೈಮುಗಿಯುವುದೂ ಇಲ್ಲ. ಮೀಟರು ಎಷ್ಟು ತೋರಿಸುತ್ತದೆ ಎಂದಷ್ಟೇ ನೋಡುತ್ತಾರೆ. ಎದೆಯ ವಿಷಯಕ್ಕೆ ಬಂದಾಗ ಮಾತ್ರ ನಾವು ಮೀಟರು ಬಿಟ್ಟು ಹೆಸರು ಹಿಡಿಯುತ್ತೇವೆ. ಡಬ್ಬಿಯ ಮೇಲೆ ಹಸಿರು ಎಲೆಯ ಚಿತ್ರ, ಅದರ ಕೆಳಗೆ ‘ನೈಸರ್ಗಿಕ’ ಎಂಬ ಪದ, ಒಳಗೆ ಅರವತ್ತು ಕ್ಯಾಪ್ಸೂಲು. ಕೊಲೆಸ್ಟ್ರಾಲ್ ಇಳಿಸುತ್ತದೆ, ಹೃದಯ ಕಾಯುತ್ತದೆ ಎಂಬ ಭರವಸೆ. ನೈಸರ್ಗಿಕ ಎಂಬುದು ಪುಣ್ಯದ ಇನ್ನೊಂದು ಹೆಸರೇ? ಈ ಡಬ್ಬಿ ಯಾವ ಹಕ್ಕಿನ ಮೇಲೆ ನಮ್ಮ ನಂಬಿಕೆಯನ್ನು ಕೇಳುತ್ತಿದೆ?

ಬಾಯೊಳಗೆ ಹೋಗುವುದನ್ನು ನಮ್ಮ ಪರಂಪರೆ ಎರಡು ಮನೆಗಳಲ್ಲಿ ಇಟ್ಟು ನೋಡಿದೆ. ಒಂದು ಅನ್ನದ ಮನೆ, ಇನ್ನೊಂದು ಮದ್ದಿನ ಮನೆ. ಅನ್ನದ ಮನೆಗೆ ಕಟ್ಟುಪಾಡು ಬಹಳ. ತೈತ್ತಿರೀಯ ಉಪನಿಷತ್ತು ಅನ್ನವನ್ನು ಎಲ್ಲಕ್ಕೂ ಔಷಧವೆಂದು ಹೊಗಳಿತು ನಿಜ. ಅದೇ ಉಪನಿಷತ್ತು ಮುಂದಕ್ಕೆ ಹೋಗಿ ಅನ್ನವನ್ನು ಹಳಿಯಬೇಡ, ಹೆಚ್ಚಾಗಿ ಬೆಳೆ, ಬಾಗಿಲಿಗೆ ಬಂದವನನ್ನು ಬರಿಗೈಲಿ ಕಳಿಸಬೇಡ ಎಂದೂ ಹೇಳುತ್ತದೆ. ಗೀತೆಯ 17ನೇ ಅಧ್ಯಾಯ ಊಟವನ್ನು ಮೂರು ಗುಣಗಳಾಗಿ ವಿಂಗಡಿಸುವಾಗ ಸಾತ್ವಿಕದ ಲಕ್ಷಣಗಳಲ್ಲಿ ‘ಹೃದ್ಯ’ ಎಂಬುದನ್ನೂ ಸೇರಿಸುತ್ತದೆ. ಚರಕ ಸಂಹಿತೆಯಲ್ಲೂ ಹತ್ತು ಹೃದ್ಯ ದ್ರವ್ಯಗಳ ಪಟ್ಟಿಯಿದೆ. ತೆರೆದು ನೋಡಿದರೆ ಮಾವು, ದಾಳಿಂಬೆ, ಮಾದಲ, ಬೋರೆ ಎಂದು ಹುಳಿಹಣ್ಣುಗಳ ಸಾಲು. ಇವತ್ತು ಹೃದಯದ ಹೆಸರಲ್ಲಿ ಮಾರಾಟವಾಗುವ ತೊರೆಮತ್ತಿ ಚಕ್ಕೆ ಅದರಲ್ಲಿಲ್ಲ. ಕಂಡರೆ, ಬಾಯಿಗಿಟ್ಟರೆ ಜೀವ ಹಿಗ್ಗುವುದು ಹೃದ್ಯ, ಅಷ್ಟೇ. ವೀರಶೈವರಲ್ಲಿ ಊಟವೇ ಪ್ರಸಾದ. ಲಿಂಗಕ್ಕೆ ತೋರಿಸದೆ ತುತ್ತಿಲ್ಲ, ದಾಸೋಹವಿಲ್ಲದೆ ಮಠವಿಲ್ಲ. ಒಟ್ಟಿನಲ್ಲಿ ಅನ್ನದ ಮನೆಯಲ್ಲಿ ಹಂಚಿಕೆಯಿದೆ, ರುಚಿಯಿದೆ, ಸಾಕು ಎನ್ನುವ ಜಾಗವಿದೆ. ಮದ್ದಿನ ಮನೆಯ ರೀತಿಯೇ ಬೇರೆ. ಅಲ್ಲಿ ಮಡಿಯ ನಿಯಮ ಸಡಿಲ, ಅಳತೆಯ ನಿಯಮ ಬಿಗಿ. ಔಷಧಕ್ಕೆ ದೋಷವಿಲ್ಲ ಎಂದು ಹಿರಿಯರು ಒಪ್ಪಿಕೊಂಡಿದ್ದು ಬಾಯಿಗೆ ಬಂದದ್ದನ್ನೆಲ್ಲ ತಿನ್ನಲಿಕ್ಕಲ್ಲ. ರೋಗ ಗೊತ್ತಿರಬೇಕು, ಪ್ರಮಾಣ ಗೊತ್ತಿರಬೇಕು, ಕೊಟ್ಟವನು ಹೊಣೆ ಹೊರಬೇಕು. ಆಗ ಮಾತ್ರ ನಿಷಿದ್ಧವೂ ಗ್ರಾಹ್ಯ.

ಬೆಳ್ಳುಳ್ಳಿಯ ಕಥೆಯಲ್ಲಿ ಈ ಎರಡು ಮನೆಗಳ ನಡುವಿನ ಗೋಡೆ ಚೆನ್ನಾಗಿ ಕಾಣುತ್ತದೆ. ಅಮೃತ ಕದ್ದ ರಾಹುವಿನ ಕತ್ತಿನಿಂದ ಬಿದ್ದ ಹನಿಯಲ್ಲಿ ಹುಟ್ಟಿದ್ದು ಎಂಬ ಐತಿಹ್ಯವನ್ನು ಅದಕ್ಕೆ ಅಂಟಿಸಿ ಮಡಿಯ ಅಡುಗೆಮನೆ ಅದನ್ನು ಹೊರಗಿಟ್ಟಿತು. ಅದೇ ಕಾಲದ ವೈದ್ಯರು ಅದನ್ನು ಕೊಂಡಾಡಿದರು; ಮಧ್ಯ ಏಷ್ಯಾದ ಮರಳಲ್ಲಿ ಸಿಕ್ಕ ಬೋವರ್ ಹಸ್ತಪ್ರತಿಯಲ್ಲಿ ಬೆಳ್ಳುಳ್ಳಿಗೆಂದೇ ಒಂದು ಭಾಗವಿದೆ. ಊಟವಾಗಿ ಬೇಡ, ಮದ್ದಾಗಿ ಆಗಲಿ ಎಂಬ ತೀರ್ಮಾನದಲ್ಲಿ ತಪ್ಪಿರಬಹುದು, ಗೊಂದಲವಿರಲಿಲ್ಲ. ಈಗ ನೋಡಿ. ಸಾರಿನ ಒಗ್ಗರಣೆಗೆ ಪ್ರವೇಶವಿಲ್ಲದ ಬೆಳ್ಳುಳ್ಳಿ, ವಾಸನೆ ಕಳೆದುಕೊಂಡು, ಜೆಲಾಟಿನ್ ಕವಚ ಹೊದ್ದು, ದೇವರಮನೆಯ ಪಕ್ಕದ ಕಪಾಟಿಗೆ ಬಂದು ಕೂತಿದೆ. ಜೆಲಾಟಿನ್ ಪ್ರಾಣಿಗಳ ಮೂಳೆ, ಚರ್ಮದಿಂದ ಬರುವಂಥದು ಎಂಬುದನ್ನು ಹೇಳಿ ಯಾರ ಮಡಿಯನ್ನೂ ಕೆಡಿಸುವ ಇಷ್ಟ ನನಗಿಲ್ಲ. ಕೇಳಬೇಕಾದ್ದು ಇಷ್ಟೇ: ಇದು ಊಟವೋ ಮದ್ದೋ? ಊಟವೆಂದರೆ ನೈವೇದ್ಯಕ್ಕಿಡುವವರಿಲ್ಲ, ಪಂಕ್ತಿಯಲ್ಲಿ ಬಡಿಸುವವರಿಲ್ಲ. ಮದ್ದೆಂದರೆ ನಾಡಿ ಹಿಡಿದವರಿಲ್ಲ, ಇಷ್ಟು ದಿನವೆಂದು ಹೇಳಿದವರಿಲ್ಲ. ಕಾನೂನು ಕೂಡ ಇದನ್ನು ಹೊಸ್ತಿಲ ಮೇಲೆ ನಿಲ್ಲಿಸಿದೆ. ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮದಲ್ಲಿ ಇದು ಪೂರಕ ಆಹಾರ. ರೋಗ ವಾಸಿಮಾಡುತ್ತೇನೆ ಎನ್ನುವಂತಿಲ್ಲ. ಹೃದಯದ ಕಾಯಿಲೆಗೆ ಮದ್ದಿದೆಯೆಂದು ಜಾಹೀರಾತು ಕೊಡುವುದನ್ನು 1954ರ ಮಾಂತ್ರಿಕ ಪರಿಹಾರಗಳ ಕಾಯ್ದೆಯೇ ತಡೆಯುತ್ತದೆ. ಅದಕ್ಕೇ ಡಬ್ಬಿಯ ಮಾತು ಹೃದಯದ ಆರೋಗ್ಯಕ್ಕೆ ಬೆಂಬಲ ಎಂಬಲ್ಲಿಗೆ ನಿಂತು, ಉಳಿದದ್ದನ್ನು ಓದುಗನ ಆಸೆಗೆ ಬಿಡುತ್ತದೆ. ಎರಡೂ ಮನೆಯ ಮರ್ಯಾದೆ ಬೇಕು, ಎರಡರ ಕಟ್ಟುಪಾಡೂ ಬೇಡ ಎನ್ನುವ ವಸ್ತು ಇದು. ನನ್ನ ವಾದವಿರುವುದು ಇಲ್ಲೇ. ಹೃದಯಕ್ಕೆ ನಿಜವಾಗಿ ಕೆಲಸ ಮಾಡುವ ಪ್ರತಿಯೊಂದು ವಸ್ತುವೂ ಈ ಎರಡು ಮನೆಗಳಲ್ಲಿ ಒಂದಕ್ಕೆ ಸೇರುತ್ತದೆ. ಮೂರನೆಯ ಮನೆಯೇ ಇಲ್ಲ. ಹಿಡಿಯ ಲೆಕ್ಕದಲ್ಲಿ ಕೆಲಸ ಮಾಡುವುದು ಊಟ. ಗುಲಗಂಜಿಯ ಲೆಕ್ಕದಲ್ಲಿ ಕೆಲಸ ಮಾಡುವುದು ಮದ್ದು.

ಹಿಡಿಯಿಂದ ಶುರುಮಾಡೋಣ. ಕೊಲೆಸ್ಟ್ರಾಲ್ ಹೊರಗಿನಿಂದ ಬಂದ ಪಾಪವಲ್ಲ. ಅದರ ಬಹುಪಾಲನ್ನು ಮೈಯೇ ತಯಾರಿಸಿಕೊಳ್ಳುತ್ತದೆ, ಮುಖ್ಯವಾಗಿ ಪಿತ್ತಜನಕಾಂಗದಲ್ಲಿ. ಜೀವಕೋಶಗಳ ಪೊರೆಗೆ, ಹಾರ್ಮೋನುಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ತೊಂದರೆ ಇರುವುದು ಅದನ್ನು ರಕ್ತದಲ್ಲಿ ಹೊತ್ತು ತಿರುಗುವ ಎಲ್‌ಡಿಎಲ್ ಕಣಗಳು ಹೆಚ್ಚಾಗಿ ವರ್ಷಗಟ್ಟಲೆ ರಕ್ತನಾಳದ ಗೋಡೆಗೆ ಸೇರುತ್ತ ಹೋಗುವುದರಲ್ಲಿ. (ಕಡಲೆಕಾಯಿ ಎಣ್ಣೆಯ ಡಬ್ಬದ ಮೇಲೆ ‘ಕೊಲೆಸ್ಟ್ರಾಲ್ ಮುಕ್ತ’ ಎಂದು ದೊಡ್ಡದಾಗಿ ಬರೆದಿರುತ್ತದೆ. ಗಿಡದಿಂದ ತೆಗೆದ ಯಾವ ಎಣ್ಣೆಯಲ್ಲೂ ಲೆಕ್ಕಕ್ಕೆ ಸಿಗುವಷ್ಟು ಕೊಲೆಸ್ಟ್ರಾಲ್ ಇರುವುದಿಲ್ಲ. ನಮ್ಮ ಬಾವಿಯ ನೀರಿನಲ್ಲಿ ಮೊಸಳೆ ಇಲ್ಲ ಎಂದು ಬೋರ್ಡು ಹಾಕಿದ ಹಾಗೆ.) ಪಿತ್ತರಸ ಕರುಳಿಗಿಳಿದು ಮತ್ತೆ ಹೀರಲ್ಪಡುವಾಗ ಅದನ್ನು ಹಿಡಿದು ಹೊರಗೆ ಸಾಗಿಸುವ ಲೋಳೆನಾರು ಊಟದಲ್ಲಿದ್ದರೆ, ಹೊಸ ಪಿತ್ತರಸಕ್ಕಾಗಿ ಪಿತ್ತಜನಕಾಂಗ ರಕ್ತದಿಂದಲೇ ಕೊಲೆಸ್ಟ್ರಾಲ್ ಎಳೆದುಕೊಳ್ಳುತ್ತದೆ. ಈಸಬಗೋಲು, ಓಟ್ಸ್, ಬಾರ್ಲಿ, ಬೆಂಡೆ, ಬದನೆ, ಕಾಳುಗಳು ಹೀಗೆ ದುಡಿಯುತ್ತವೆ. ಇದು ನಂಬಿಕೆಯ ಮಾತಲ್ಲ. ದಿನಕ್ಕೆ ಏಳೆಂಟು ಗ್ರಾಂ ಈಸಬಗೋಲಿನ ಕರಗುವ ನಾರು ಎಲ್‌ಡಿಎಲ್ ಅನ್ನು ಶೇಕಡಾ ಐದರಿಂದ ಹತ್ತರಷ್ಟು ಇಳಿಸುವುದು ಮತ್ತೆ ಮತ್ತೆ ಕಂಡಿದೆ. ಟೊರಾಂಟೊದ ಡೇವಿಡ್ ಜೆಂಕಿನ್ಸ್ ಮತ್ತು ಸಂಗಡಿಗರು 2003ರಲ್ಲಿ 46 ಜನರ ಮೇಲೆ ಒಂದು ತಿಂಗಳ ಪ್ರಯೋಗ ಮಾಡಿದರು. ಲೋಳೆನಾರು, ಸೋಯಾ, ಬಾದಾಮಿ, ಸಸ್ಯಜನ್ಯ ಸ್ಟೆರಾಲ್‌ಗಳನ್ನು ಒಟ್ಟಿಗೆ ತಟ್ಟೆಗೆ ಹಾಕಿದಾಗ ಎಲ್‌ಡಿಎಲ್ ಶೇ. 28.6 ಇಳಿಯಿತು, ಹೋಲಿಕೆಗೆ ಕೊಟ್ಟ ಲೊವಾಸ್ಟಾಟಿನ್ ಎಂಬ ಕೊಲೆಸ್ಟ್ರಾಲ್ ಮಾತ್ರೆಯಲ್ಲಿ ಇಳಿದದ್ದು ಶೇ. 30.9. ಆದರೆ ಆ ಊಟವನ್ನು ಅವರೇ ತಯಾರಿಸಿ ಕೊಟ್ಟಿದ್ದರು. ಎಂಟು ವರ್ಷದ ನಂತರ ಬರೀ ಸಲಹೆ ಕೊಟ್ಟು ಜನರನ್ನು ಅವರವರ ಅಡುಗೆಮನೆಗೆ ಬಿಟ್ಟಾಗ ಇಳಿಕೆ ಶೇ. 13ರ ಆಸುಪಾಸಿಗೆ ಬಂತು. ಅಡುಗೆಮನೆ ಎಂದರೆ ಅದೇ.

ನಮ್ಮ ಸೀಮೆಯ ಊಟ ಈ ಪಟ್ಟಿಗೆ ಹೊರಗಿನದಲ್ಲ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಲ್ಲ ಕಡೆ ರಾಗಿ ಮುದ್ದೆ, ಹುರುಳಿ ಸಾರು, ಅವರೆಕಾಳು, ಬಸ್ಸಾರು, ಹುಚ್ಚೆಳ್ಳು ಪುಡಿ, ಕಡಲೆಕಾಯಿ ಚಟ್ನಿ. ಹೈದರಾಬಾದ್ ಹತ್ತಿರದ ಇಕ್ರಿಸ್ಯಾಟ್ ಸಂಶೋಧಕರು 2021ರಲ್ಲಿ ಅದುವರೆಗಿನ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ದಿನಕ್ಕೆ 50ರಿಂದ 200 ಗ್ರಾಂ ಸಿರಿಧಾನ್ಯ ತಿಂದವರಲ್ಲಿ ಒಟ್ಟು ಕೊಲೆಸ್ಟ್ರಾಲ್ ಸುಮಾರು ಶೇ. 8 ಇಳಿದಿತ್ತು. ಆ ಸಂಸ್ಥೆಯ ಕೆಲಸವೇ ಇಂಥ ಬೆಳೆಗಳನ್ನು ಮುಂದಕ್ಕೆ ತರುವುದು ಎಂಬುದನ್ನು ನೆನಪಿಟ್ಟು, ಅಂಕಿಯನ್ನು ಒಂದು ಹಿಡಿ ಕಡಿಮೆ ಮಾಡಿಕೊಂಡೇ ಓದೋಣ. ಅಳತೆಯನ್ನು ಮಾತ್ರ ಬಿಡುವಂತಿಲ್ಲ: 50ರಿಂದ 200 ಗ್ರಾಂ. ಅದು ಮುದ್ದೆಯ ಅಳತೆ, ಮಾತ್ರೆಯದಲ್ಲ. ಹಿಡಿಗಟ್ಟಲೆ ತಿಂದಾಗ ನಾರಾಗಿ, ಒಳ್ಳೆಯ ಕೊಬ್ಬಾಗಿ, ಬೇರೆ ಕೆಟ್ಟ ತಿನಿಸಿಗೆ ತಟ್ಟೆಯಲ್ಲಿ ಜಾಗವಿಲ್ಲದಂತೆ ಮಾಡಿ ಇವು ಕೆಲಸ ಮಾಡುತ್ತವೆ. ಒಣಗಿಸಿ, ಅರೆದು, ಅರ್ಧ ಗ್ರಾಮಿನ ಕ್ಯಾಪ್ಸೂಲಿಗೆ ತುಂಬಿದ ಕ್ಷಣ ಆ ಕೆಲಸವೂ ಅರ್ಧ ಗ್ರಾಮಿನದೇ. ಹಾಗೆಂದು ಅಜ್ಜ ಮುದ್ದೆ ತಿಂದು ನೂರು ವರ್ಷ ಬದುಕಿದ ಎಂಬ ರಾಗ ಎತ್ತುವವರ ಜೊತೆಗೂ ನಾನಿಲ್ಲ. ಸ್ವಾತಂತ್ರ್ಯ ಬಂದಾಗ ಈ ದೇಶದ ಸರಾಸರಿ ಆಯಸ್ಸು ಮೂವತ್ತರ ಚಿಲ್ಲರೆ. ಎದೆರೋಗ ಬರುವ ವಯಸ್ಸಿಗೆ ಮುಟ್ಟದೆ ಹೋದ ಅಜ್ಜಂದಿರನ್ನು ನಾವು ಎಣಿಸುವುದಿಲ್ಲ.

ಇನ್ನು ಗುಲಗಂಜಿ. ಅಕ್ಕಸಾಲಿಗನ ತಕ್ಕಡಿಯಲ್ಲೂ ವೈದ್ಯನ ತಕ್ಕಡಿಯಲ್ಲೂ ಒಂದೇ ಬೀಜ ತೂಕವಾಗಿತ್ತು; ಬಂಗಾರಕ್ಕೆ ಕೊಡುವ ಎಚ್ಚರವನ್ನೇ ಮದ್ದಿಗೂ ಕೊಡು ಎಂದ ಹಾಗೆ. ಜಪಾನಿನ ಅಕಿರಾ ಎಂಡೊ ಎಂಬ ವಿಜ್ಞಾನಿ ಆರು ಸಾವಿರಕ್ಕೂ ಹೆಚ್ಚು ಸೂಕ್ಷ್ಮಜೀವಿಗಳನ್ನು ಜಾಲಾಡಿ, 1973ರಲ್ಲಿ ಹಸಿರುನೀಲಿ ಬೂಷ್ಟೊಂದರಲ್ಲಿ ಕೊಲೆಸ್ಟ್ರಾಲ್ ತಯಾರಿಕೆಯನ್ನೇ ತಡೆಯುವ ವಸ್ತುವನ್ನು ಕಂಡರು. ಸ್ಟಾಟಿನ್ ಮಾತ್ರೆಗಳ ವಂಶ ಅಲ್ಲಿಂದ ಶುರು. 1979ರಲ್ಲಿ ಅವರೇ, ಅಕ್ಕಿಯನ್ನು ಹುದುಗಿಸಿ ‘ಕೆಂಪು ಅಕ್ಕಿ’ ಮಾಡುವ ಬೂಷ್ಟಿನಿಂದ ಮೊನಕೊಲಿನ್-ಕೆ ಎಂಬುದನ್ನು ಬೇರ್ಪಡಿಸಿದರು. ಇನ್ನೊಂದು ಬೂಷ್ಟಿನಿಂದ ಅಮೆರಿಕದ ಕಂಪನಿಯೊಂದು ತೆಗೆದು, 1987ರಲ್ಲಿ ಮದ್ದಾಗಿ ಪರವಾನಗಿ ಪಡೆದ ಲೊವಾಸ್ಟಾಟಿನ್ ಕೂಡ ಅದೇ ಅಣು. ಒಂದೇ ಅಣು, ಎರಡು ವೇಷ. ಮಾತ್ರೆಯ ಪಟ್ಟಿಯಲ್ಲಿದ್ದರೆ ಕೆಮಿಕಲ್ ಎಂದು ಮೂಗು ಮುರಿಯುತ್ತೇವೆ, ಕೆಂಪು ಅಕ್ಕಿಯ ಕ್ಯಾಪ್ಸೂಲಿನಲ್ಲಿದ್ದರೆ ನೈಸರ್ಗಿಕ ಎಂದು ದುಪ್ಪಟ್ಟು ಕೊಡುತ್ತೇವೆ. ಇಲ್ಲಿ ನಿಸರ್ಗ ಮತ್ತು ಕೃತಕದ ಗೆರೆ ವಸ್ತುವಿನಲ್ಲಿಲ್ಲ, ಡಬ್ಬಿಯ ಬಣ್ಣದಲ್ಲಿದೆ. ವ್ಯತ್ಯಾಸವೇನಾದರೂ ಇದ್ದರೆ ಅದು ಅಳತೆಯದು. ಅಮೆರಿಕದ ಹನ್ನೆರಡು ಬ್ರ್ಯಾಂಡುಗಳನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದ ವರದಿಯಲ್ಲಿ ಒಂದು ಕ್ಯಾಪ್ಸೂಲಿನ ಮೊನಕೊಲಿನ್-ಕೆ 0.10 ಮಿಲಿಗ್ರಾಮಿನಿಂದ 10.09 ಮಿಲಿಗ್ರಾಮಿನವರೆಗೆ ಇತ್ತು, ನೂರು ಪಟ್ಟು ಅಂತರ. ನಾಲ್ಕರಲ್ಲಿ ಮೂತ್ರಪಿಂಡಕ್ಕೆ ವಿಷವಾದ ಸಿಟ್ರಿನಿನ್ ಇತ್ತು. 2022ರಲ್ಲಿ ಯುರೋಪ್ ಒಕ್ಕೂಟ ದಿನಕ್ಕೆ 3 ಮಿಲಿಗ್ರಾಮಿಗಿಂತ ಕಡಿಮೆ ಇರಬೇಕೆಂದು ಕಡಿವಾಣ ಹಾಕಿತು. 2024ರಲ್ಲಿ ಜಪಾನಿನಲ್ಲೇ, ಎಂಡೊ ಹುಟ್ಟಿದ ನಾಡಿನಲ್ಲೇ, ಕೊಲೆಸ್ಟ್ರಾಲಿಗೆಂದು ಮಾರುತ್ತಿದ್ದ ಕೆಂಪು ಅಕ್ಕಿಯ ಪೂರಕ ತಿಂದ ನೂರಾರು ಜನ ಮೂತ್ರಪಿಂಡ ಕೆಟ್ಟು ಆಸ್ಪತ್ರೆ ಸೇರಿದರು. ತಯಾರಿಕೆಯಲ್ಲಿ ಬೇರೊಂದು ಬೂಷ್ಟು ಸೇರಿಕೊಂಡಿತ್ತು. ಬೂಷ್ಟೂ ನಿಸರ್ಗವೇ. ಅಷ್ಟೇಕೆ, ನಮ್ಮ ಬೇಲಿಯಲ್ಲಿ ಕೆಂಪು-ಕಪ್ಪಾಗಿ ಹೊಳೆಯುವ ಗುಲಗಂಜಿಯೇ ಘೋರ ವಿಷ. ಅಗಿದು ನುಂಗಿದರೆ ಒಂದೆರಡು ಬೀಜ ಮಗುವಿನ ಪ್ರಾಣಕ್ಕೆ ಸಾಕು. ತೂಕದ ಬೀಜವೇ ವಿಷದ ಬೀಜವಾಗಿರುವುದನ್ನು ನೋಡಿದ ಹಳಬರು ‘ಗಿಡದಿಂದ ಬಂದದ್ದು ಏನೂ ಮಾಡದು’ ಎಂದು ಹೇಳಿರಲಾರರು.

ಇನ್ನುಳಿದವು ಹಿಡಿಯಲ್ಲೂ ಸೇರದ, ಗುಲಗಂಜಿಯಲ್ಲೂ ನಿಲ್ಲದ ಪದಾರ್ಥಗಳು. ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನವರು 2022ರಲ್ಲಿ 190 ಜನರನ್ನು ಗುಂಪು ಮಾಡಿ, ಒಂದು ಗುಂಪಿಗೆ ದಿನಕ್ಕೆ 5 ಮಿಲಿಗ್ರಾಂ ರೊಸುವಾಸ್ಟಾಟಿನ್, ಒಂದಕ್ಕೆ ಬರೀ ಹುಸಿಮಾತ್ರೆ, ಉಳಿದವಕ್ಕೆ ಮೀನೆಣ್ಣೆ, ದಾಲ್ಚಿನ್ನಿ, ಬೆಳ್ಳುಳ್ಳಿ, ಅರಿಸಿನ, ಸಸ್ಯ ಸ್ಟೆರಾಲ್, ಕೆಂಪು ಅಕ್ಕಿ ಹೀಗೆ ಒಂದೊಂದು ಪೂರಕ ಕೊಟ್ಟರು. 28 ದಿನ ಕಳೆದಾಗ ಸ್ಟಾಟಿನ್ ಗುಂಪಿನಲ್ಲಿ ಎಲ್‌ಡಿಎಲ್ ಸುಮಾರು ಶೇ. 38 ಇಳಿದಿತ್ತು. ಆರು ಪೂರಕಗಳಲ್ಲಿ ಒಂದೂ ಹುಸಿಮಾತ್ರೆಯನ್ನು ಗೆಲ್ಲಲಿಲ್ಲ. ಬೆಳ್ಳುಳ್ಳಿ ಗುಂಪಿನಲ್ಲಿ ಎಲ್‌ಡಿಎಲ್ ಹುಸಿಮಾತ್ರೆಯವರಿಗಿಂತ ಹೆಚ್ಚೇ ಇತ್ತು. ಈ ಅಧ್ಯಯನಕ್ಕೆ ಹಣ ಕೊಟ್ಟಿದ್ದು ರೊಸುವಾಸ್ಟಾಟಿನ್ ಮಾರುವ ಕಂಪನಿಯೇ ಎಂದು ಯಾರಾದರೂ ಆಕ್ಷೇಪಿಸಿದರೆ ಅದು ನ್ಯಾಯವಾದ ಆಕ್ಷೇಪ. 28 ದಿನ ಕಡಿಮೆ ಎಂದರೂ ಒಪ್ಪುತ್ತೇನೆ. ಆದರೆ ಆಕ್ಷೇಪ ಎರಡೂ ಕಡೆ ಹರಿಯಬೇಕು. ಪೂರಕದ ಕಂಪನಿಗಳಿಗೆ ದುಡ್ಡಿನ ಬರವಿಲ್ಲ. ತಮ್ಮ ಡಬ್ಬಿ ನಿಜವಾಗಿ ಎದೆ ಕಾಯುತ್ತದೆಂದು ತೋರಿಸುವ ಪ್ರಯೋಗ ನಡೆಸಲು ಯಾರೂ ತಡೆದಿಲ್ಲ. ಸ್ಟಾಟಿನ್ ಪರವಾಗಿ ಇರುವುದು ಬರೀ ರಕ್ತದ ಅಂಕಿಯೂ ಅಲ್ಲ. 1994ರಲ್ಲಿ ಪ್ರಕಟವಾದ ಸ್ಕ್ಯಾಂಡಿನೇವಿಯಾದ ಅಧ್ಯಯನ 4,444 ಹೃದ್ರೋಗಿಗಳನ್ನು ಐದು ವರ್ಷಕ್ಕೂ ಮೇಲ್ಪಟ್ಟು ಹಿಂಬಾಲಿಸಿ, ಸಾವನ್ನೇ ಎಣಿಸಿತು. ಮಾತ್ರೆ ತಿಂದವರಲ್ಲಿ ಸಾವು ಶೇ. 30 ಕಡಿಮೆ. ಬದುಕಿ ಉಳಿದವರನ್ನು ಎಣಿಸಿ ತೋರಿಸಿದ ಡಬ್ಬಿ ಬಂದ ದಿನ ಅದನ್ನೂ ಮದ್ದಿನ ಮನೆಗೆ ಬರಮಾಡಿಕೊಳ್ಳೋಣ.

ಗುಗ್ಗುಳದ ಕಥೆ ಇದಕ್ಕಿಂತ ಸಿಕ್ಕುಸಿಕ್ಕು. ವೀರಭದ್ರನ ಗುಗ್ಗುಳ ಸೇವೆ ಕಂಡ ನಮಗೆ ಅದರ ಹೊಗೆಯೇ ಭಕ್ತಿಯ ವಾಸನೆ. ಸುಶ್ರುತ ಸಂಹಿತೆಯಲ್ಲಿ ಮೇದೋರೋಗ ಎಂಬ ವರ್ಣನೆಯಿದೆ: ಕೊಬ್ಬು ಹೆಚ್ಚಾಗಿ ನಾಳಗಳ ದಾರಿ ಕಟ್ಟುವುದು. ಅದಕ್ಕೆ ಹೇಳಿದ ಮದ್ದುಗಳಲ್ಲಿ ಗುಗ್ಗುಳವೂ ಒಂದು. ಈ ಸಾಲುಗಳನ್ನು ಗಂಭೀರವಾಗಿ ಓದಿ, 1966ರಲ್ಲಿ ಬನಾರಸ್ ಹಿಂದೂ ವಿಶ್ವವಿದ್ಯಾಲಯಕ್ಕೆ ಗುಗ್ಗುಳದ ಮೇಲೆ ಪ್ರಬಂಧ ಬರೆದವರು ಜಿ.ವಿ. ಸತ್ಯವತಿ, ಮುಂದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮಹಾನಿರ್ದೇಶಕರಾದವರು. ಮೊಲಗಳ ಮೇಲೆ, ನಂತರ ಮನುಷ್ಯರ ಮೇಲೆ ನಡೆದ ಭಾರತೀಯ ಪ್ರಯೋಗಗಳಲ್ಲಿ ಕೊಲೆಸ್ಟ್ರಾಲ್ ಇಳಿಯಿತು. ಲಖನೌದ ಕೇಂದ್ರ ಔಷಧ ಸಂಶೋಧನಾ ಸಂಸ್ಥೆಯಿಂದ ಗುಗ್ಗುಲಿಪಿಡ್ ಎಂಬ ಮದ್ದೂ ಬಂತು. ಆಮೇಲೆ 2003ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದವರು 103 ಜನರಿಗೆ ಎಂಟು ವಾರ ಕೊಟ್ಟು ನೋಡಿದಾಗ ಹುಸಿಮಾತ್ರೆಯವರಲ್ಲಿ ಎಲ್‌ಡಿಎಲ್ ಇಳಿಯಿತು, ಗುಗ್ಗುಲಿಪಿಡ್‌ನವರಲ್ಲಿ ಸುಮಾರು ಶೇ. 5 ಏರಿತು, ಕೆಲವರಿಗೆ ಮೈಮೇಲೆ ದದ್ದು ಬೇರೆ. ಊಟದ ರೀತಿ ಬೇರೆಯಿದ್ದದ್ದು ಕಾರಣವೇ, ಮೈಯ ಕಟ್ಟು ಕಾರಣವೇ, ಚರ್ಚೆ ಮುಗಿದಿಲ್ಲ. ನನಗೆ ಈ ಕಥೆಯಲ್ಲಿ ಸತ್ಯವತಿಯವರ ದಾರಿಯ ಮೇಲೆ ಗೌರವ ಹೆಚ್ಚುತ್ತದೆ. ಶಾಸ್ತ್ರದ ಮಾತನ್ನು ಪ್ರಯೋಗಕ್ಕೆ ಒಡ್ಡಿದ್ದೇ ಅದಕ್ಕೆ ಸಲ್ಲಿಸಿದ ಮರ್ಯಾದೆ. ಫಲಿತಾಂಶ ಕೈಕೊಟ್ಟರೆ ಅದನ್ನೂ ಒಪ್ಪಬೇಕು. ಆ ಶಾಸ್ತ್ರದ ಹೆಸರನ್ನು ಮಾತ್ರ ಡಬ್ಬಿಗೆ ಅಂಟಿಸಿ ಫಲಿತಾಂಶವನ್ನು ಮುಚ್ಚಿಡುವುದು ಶಾಸ್ತ್ರದ್ರೋಹ. ಅತ್ತ ರಾಜಸ್ಥಾನ, ಗುಜರಾತಿನ ಒಣನೆಲದಲ್ಲಿ ಅಂಟಿಗಾಗಿ ಕೊಯ್ಸಿಕೊಂಡು ಕೊಯ್ಸಿಕೊಂಡು ಗುಗ್ಗುಳದ ಗಿಡ ಅಳಿವಿನ ಅಂಚಿನ ಪಟ್ಟಿ ಸೇರಿದೆ. ನಿಸರ್ಗಪ್ರೇಮದ ಹೆಸರಲ್ಲಿ ನಿಸರ್ಗಕ್ಕೆ ಆದದ್ದು ಇದು.

ಆಯುರ್ವೇದವನ್ನು ಪಾಶ್ಚಾತ್ಯ ಪ್ರಯೋಗಶಾಲೆಯ ತಕ್ಕಡಿಯಲ್ಲಿ ತೂಗುವುದೇ ತಪ್ಪು, ಅದು ಆಳು ನೋಡಿ, ಪ್ರಕೃತಿ ನೋಡಿ, ಋತು ನೋಡಿ ಕೊಡುವ ಮದ್ದು ಎಂಬುದು ನಾನು ಕೇಳಿದ ಆಕ್ಷೇಪಗಳಲ್ಲಿ ಗಟ್ಟಿಯಾದದ್ದು. ಅದನ್ನು ಪೂರ್ತಿ ಒಪ್ಪಿಕೊಂಡೇ ಕೇಳುತ್ತೇನೆ: ಹಾಗಾದರೆ ಮೊದಲು ಸೋಲುವುದು ಯಾವುದು? ವಾತದವನಿಗೂ ಕಫದವನಿಗೂ, ಮಾಘದಲ್ಲೂ ಶ್ರಾವಣದಲ್ಲೂ ಒಂದೇ ಕ್ಯಾಪ್ಸೂಲು ಕೊಡುವ ಡಬ್ಬಿಯೇ. ಕೊರಟಗೆರೆ ತಾಲ್ಲೂಕಿನ ಸಿದ್ಧರಬೆಟ್ಟ ಗಿಡಮೂಲಿಕೆಗೆ ಹೆಸರಾದದ್ದು. ಅಲ್ಲಿನ ಗಾಳಿಯೇ ಮದ್ದೆಂದು ನಂಬಿ ಬೆಟ್ಟ ಹತ್ತುವವರಿದ್ದಾರೆ. ನಾಟಿವೈದ್ಯ ಅಂಥ ಬೆಟ್ಟದಿಂದ ಬೇರು ಕಿತ್ತು ತಂದಾಗ ಆಳನ್ನು ನೋಡಿ ಕೊಡುತ್ತಿದ್ದ, ಪಥ್ಯ ಹೇಳುತ್ತಿದ್ದ, ಕೆಟ್ಟದ್ದಾದರೆ ಅದೇ ಊರಲ್ಲಿ ಮುಖ ತೋರಿಸಬೇಕಾಗಿತ್ತು. ಅವನ ಮದ್ದು ಎಷ್ಟು ಫಲಿಸುತ್ತಿತ್ತೋ ಬೇರೆ ಮಾತು, ಅವನು ಮದ್ದಿನ ಮನೆಯ ಒಳಗಿದ್ದ. ಡಬ್ಬಿ ಬೆಟ್ಟದ ಹೆಸರನ್ನು ತಂದಿತು, ವೈದ್ಯನನ್ನು ಬಿಟ್ಟುಬಂತು. ಎಲ್ಲ ಪರಂಪರೆಗಳ ಮಾತಿಗೂ ಇದೇ ಗತಿ. ಜಗತ್ತಿನಲ್ಲಿ ಮದ್ದಲ್ಲದ ಪದಾರ್ಥವಿಲ್ಲ ಎಂದ ಚರಕ ಅದೇ ಉಸಿರಿಗೆ ಯುಕ್ತಿಯನ್ನೂ ಉದ್ದೇಶವನ್ನೂ ಷರತ್ತಾಗಿ ಇಟ್ಟ. ತಪ್ಪಾಗಿ ಬಳಸಿದರೆ ಒಳ್ಳೆಯ ಮದ್ದೂ ವಿಷ ಎಂದ. ಅರ್ಧವನ್ನು ಮಾತ್ರ ಅಚ್ಚು ಹಾಕಿಸುತ್ತಾರೆ. ಕರಿಜೀರಿಗೆಯಲ್ಲಿ ಸಾವೊಂದನ್ನು ಬಿಟ್ಟು ಎಲ್ಲಕ್ಕೂ ಗುಣವಿದೆ ಎಂಬ ಹದೀಸ್ ಕಲೌಂಜಿ ಎಣ್ಣೆಯ ಸೀಸೆಯ ಮೇಲಿರುತ್ತದೆ. ಹೊಟ್ಟೆಯ ಮೂರರಲ್ಲೊಂದು ಪಾಲು ಊಟಕ್ಕೆ, ಒಂದು ನೀರಿಗೆ, ಒಂದು ಉಸಿರಿಗೆ ಬಿಡಿ ಎಂಬ ಹದೀಸ್ ಯಾವ ಸೀಸೆಯ ಮೇಲೂ ಇಲ್ಲ. ಆಹಾರವೇ ನಿನ್ನ ಔಷಧವಾಗಲಿ ಎಂದು ಗ್ರೀಸಿನ ಹಿಪ್ಪೊಕ್ರೆಟಿಸ್ ಹೇಳಿದನೆಂದು ಸಾರುತ್ತಾರೆ. ಅವನ ಹೆಸರಿನಲ್ಲಿರುವ ಗ್ರಂಥಗಳಲ್ಲಿ ಆ ಮಾತೇ ಸಿಗುವುದಿಲ್ಲ.

ಸ್ಟಾಟಿನ್ ತಿಂದರೆ ಮೈಕೈ ನೋವು ಎಂಬ ಭಯವನ್ನು ತಳ್ಳಿಹಾಕುವಂತಿಲ್ಲ. ಅಪರೂಪಕ್ಕೆ ಸ್ನಾಯುವಿಗೆ ನಿಜವಾಗಿ ಹಾನಿಯಾಗುತ್ತದೆ, ಕೆಲವರಿಗೆ ರಕ್ತದ ಸಕ್ಕರೆ ಸ್ವಲ್ಪ ಏರುತ್ತದೆ. ವೈದ್ಯರ ಕಣ್ಣಿರಬೇಕಾದದ್ದು ಅದಕ್ಕೇ. ಆದರೆ ಲಂಡನ್ನಿನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಅಧ್ಯಯನ ನೋಡಿ. ತೊಂದರೆಯಾಯಿತೆಂದು ಸ್ಟಾಟಿನ್ ಬಿಟ್ಟ 60 ಜನರಿಗೆ ಒಂದು ತಿಂಗಳು ಮಾತ್ರೆ, ಒಂದು ತಿಂಗಳು ಹುಸಿಮಾತ್ರೆ, ಒಂದು ತಿಂಗಳು ಏನೂ ಇಲ್ಲ ಎಂದು ಹಿಂದುಮುಂದಾಗಿ ವರ್ಷವಿಡೀ ಕೊಟ್ಟರು. ಮಾತ್ರೆಯಲ್ಲಿ ಕಂಡ ತೊಂದರೆಯ ಶೇ. 90ರಷ್ಟು ಹುಸಿಮಾತ್ರೆಯಲ್ಲೂ ಕಂಡಿತು. ನೋವು ಸುಳ್ಳಲ್ಲ, ಅದರ ಹುಟ್ಟು ಬಹುಪಾಲು ಭಯದಲ್ಲಿತ್ತು. ಇನ್ನು ಬಡವನಿಗೆ ಇಂಗ್ಲಿಷ್ ಮದ್ದು ಎಟುಕದು ಎನ್ನುವ ಮಾತು. ಜನೌಷಧಿ ಅಂಗಡಿಯಲ್ಲಿ ಹತ್ತು ಅಟೊರ್ವಾಸ್ಟಾಟಿನ್ ಮಾತ್ರೆಯ ಪಟ್ಟಿ ಹೋಟೆಲಿನ ಒಂದು ತಿಂಡಿ-ಕಾಫಿಗಿಂತ ಅಗ್ಗ. ಎಟುಕದ ಬೆಲೆ ಇರುವುದು ಹಸಿರು ಎಲೆಯ ಡಬ್ಬಿಗೇ.

ನಂಬಿಕೆಯಿಂದ ನೆಮ್ಮದಿ ಸಿಕ್ಕರೆ ನಿನಗೇನು ನಷ್ಟ ಎಂದು ಕೇಳುವವರಿಗೆ ಉತ್ತರಿಸುವುದು ಕಷ್ಟ. ಪಾವಗಡ ಶನಿಮಹಾತ್ಮನ ಊರು. ಪುರಾಣದಲ್ಲಿ ಶನಿ ಸೂರ್ಯನ ಮಗ; ಅಪ್ಪ ಎದೆರೋಗ ಕಳೆಯುವವನಾದರೆ ಮಗ ಪೀಡೆಯನ್ನು ಕೊಟ್ಟು ಲೆಕ್ಕ ಕೇಳುವವನು. ಎಳ್ಳೆಣ್ಣೆಯ ದೀಪ ಹಚ್ಚಿ ಪರಿಹಾರ ಬೇಡುವವರನ್ನು ಅಣಕಿಸುವುದು ಸುಲಭ. ಆದರೆ ಆ ಪರಿಹಾರ ಕೂಡ ಆಳಿನಿಂದ ಏನನ್ನೋ ಕೇಳುತ್ತದೆ: ಬಸ್ಸು ಹತ್ತಿ ಬರಬೇಕು, ಸರತಿಯಲ್ಲಿ ನಿಲ್ಲಬೇಕು, ಶನಿವಾರ ಒಪ್ಪತ್ತು ಮಾಡಬೇಕು, ತಪ್ಪಾಯಿತೆಂದು ಒಳಗೆ ಒಪ್ಪಿಕೊಳ್ಳಬೇಕು. ಕ್ಯಾಪ್ಸೂಲಿನ ಪ್ರಾಯಶ್ಚಿತ್ತ ಏನನ್ನೂ ಕೇಳುವುದಿಲ್ಲ, ಬದಲಿಗೆ ಸಲಿಗೆ ಕೊಡುತ್ತದೆ. ತೈವಾನಿನ ಮನಶ್ಶಾಸ್ತ್ರಜ್ಞರು 2011ರಲ್ಲಿ ತೋರಿಸಿದ್ದು ಇದನ್ನೇ. ಎಲ್ಲರಿಗೂ ಹುಸಿಮಾತ್ರೆಯನ್ನೇ ಕೊಟ್ಟು ಕೆಲವರಿಗೆ ಮಾತ್ರ ಇದು ವಿಟಮಿನ್ ಎಂದಾಗ, ಹಾಗೆ ನಂಬಿದವರು ಕಡಿಮೆ ನಡೆದರು, ಭರ್ಜರಿ ಊಟದ ಕಡೆಗೆ ವಾಲಿದರು. ಇದರ ಹಿಂದೆ ಇನ್ನೊಂದು ಕ್ರೌರ್ಯವೂ ಅಡಗಿದೆ. ರೋಗ ಬಂದವನು ತಪ್ಪು ತಿಂದವನೇ ಎಂಬ ತೀರ್ಪು. ಸುಮಾರು ಮುನ್ನೂರರಲ್ಲಿ ಒಬ್ಬರಿಗೆ ಎಲ್‌ಡಿಎಲ್ ಹುಟ್ಟಿನಿಂದಲೇ ಹೆಚ್ಚು, ಅಪ್ಪ-ಅಮ್ಮನಿಂದ ಬಂದ ಗುಣಾಣುವಿನ ಕಾರಣಕ್ಕೆ. ಮುದ್ದೆ-ಸೊಪ್ಪಿನ ಸಾರನ್ನೇ ಉಂಡು ಬದುಕಿದರೂ ಅವರ ಅಂಕಿ ಬೇಕಾದಷ್ಟು ಇಳಿಯದು. ಅಂಥವರಿಗೆ ‘ನೈಸರ್ಗಿಕವಾಗಿ ಬದುಕು’ ಎನ್ನುವುದು ಉಪದೇಶದ ವೇಷದ ಶಾಪ. ತುಮಕೂರಿನ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿ 111 ವರ್ಷ ಬದುಕಿದರು. ಅವರ ಮಿತವಾದ ಊಟವನ್ನು ನಿಸರ್ಗದ ಪವಾಡವೆಂದು ಬಣ್ಣಿಸುವವರು ಬಹಳ. ಒಬ್ಬರ ಆಯಸ್ಸಿನಿಂದ ಎಲ್ಲರಿಗೂ ನಿಯಮ ಹುಟ್ಟುವುದಿಲ್ಲ. ಹುಟ್ಟಿಸಲೇಬೇಕೆಂದರೆ ಅದನ್ನು ಪೂರ್ತಿ ಹುಟ್ಟಿಸಬೇಕು: ಮಠದಲ್ಲಿ ಸಾವಿರಾರು ಮಕ್ಕಳಿಗೆ ದಿನವೂ ದಾಸೋಹ ನಡೆಸಿದ ಅವರು ಪಿತ್ತನಾಳ ಕಟ್ಟಿದಾಗ ಸ್ಟೆಂಟ್ ಹಾಕಿಸಿಕೊಂಡರು, 2018ರ ಡಿಸೆಂಬರಿನಲ್ಲಿ ಚೆನ್ನೈಗೆ ಹೋಗಿ ಶಸ್ತ್ರಚಿಕಿತ್ಸೆಯನ್ನೂ ಮಾಡಿಸಿಕೊಂಡರು. ಅನ್ನವನ್ನು ಅನ್ನದ ಮನೆಯಲ್ಲಿ, ಮದ್ದನ್ನು ಮದ್ದಿನ ಮನೆಯಲ್ಲಿ ಇಟ್ಟು ಬದುಕಿದ ಜೀವ ಅದು.

ಮತ್ತೆ ತಿರುಮಣಿ. ಸೌರಫಲಕ ಬರುವ ಮೊದಲು ಆ ಹೊಲಗಳಲ್ಲಿ ಮಳೆ ಬಂದ ವರ್ಷ ಕಡಲೆಕಾಯಿ, ರಾಗಿ. ಬಾರದ ವರ್ಷ ಗುಳೆ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆಯಿಂದ ಶುರುವಾದ ಒಪ್ಪಂದಕ್ಕೆ 28 ವರ್ಷದ ಅವಧಿ. ಬರಗಾಲದ ಸೀಮೆಯ ರೈತ ಆ ದುಡ್ಡನ್ನು ಒಪ್ಪಿದ್ದಕ್ಕೆ ದೂರದಲ್ಲಿ ಕೂತು ತಪ್ಪು ಹುಡುಕುವ ಹಕ್ಕು ಯಾರಿಗೂ ಇಲ್ಲ. ಆದರೆ ಹೊಲ ಕೊಟ್ಟ ಮನೆ ಕಾಳನ್ನೂ ಎಣ್ಣೆಯನ್ನೂ ಅಂಗಡಿಯಿಂದ ತರಲೇಬೇಕು, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಪಾಮಾಯಿಲ್. ದೇಶಕ್ಕೆ ಬೇಕಾದ ಅಡುಗೆ ಎಣ್ಣೆಯಲ್ಲಿ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರುತ್ತದೆ, ಅದರಲ್ಲಿ ತಾಳೆ ಎಣ್ಣೆಯೇ ಮುಂದು. ತಾಳೆ ಎಣ್ಣೆಯ ಅರ್ಧದ ಹತ್ತಿರ ಎಲ್‌ಡಿಎಲ್ ಏರಿಸುವ ಜಾತಿಯ ಕೊಬ್ಬು. ಗಾಣದಿಂದ ಇಳಿದ ಕಡಲೆಕಾಯಿ ಎಣ್ಣೆಯಲ್ಲಿ ಅದು ಐದರಲ್ಲೊಂದು ಪಾಲು. ಬಾಣಲೆಯಲ್ಲಿ ಯಾವ ಎಣ್ಣೆ ಎಂಬ ಪ್ರಶ್ನೆಯೇ ಎದೆಗೆ ಸಂಬಂಧಿಸಿದ್ದು, ಕಪಾಟಿನಲ್ಲಿ ಯಾವ ಡಬ್ಬಿ ಎಂಬುದಲ್ಲ. ಡಬ್ಬಿಗೆ ತಿಂಗಳಿಗೆ ಸುರಿಯುವ ದುಡ್ಡಿನಲ್ಲಿ ಒಂದಿಷ್ಟು ಕಡಲೆಕಾಯಿ, ಹುರುಳಿ, ಸೊಪ್ಪು ಮನೆಗೆ ಬಂದರೆ ಅದು ಮನೆಯವರೆಲ್ಲರ ತಟ್ಟೆಗೂ ಬೀಳುತ್ತದೆ.

ಮೂವತ್ತು ದಾಟಿದವರು, ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿಗೆ ಎದೆನೋವು ಬಂದಿದ್ದರೆ ಅದಕ್ಕೂ ಮೊದಲೇ, ಒಮ್ಮೆ ರಕ್ತ ಕೊಟ್ಟು ಕೊಲೆಸ್ಟ್ರಾಲ್ ನೋಡಿಸಿಕೊಳ್ಳಿ. ಡಬ್ಬಿಯ ಕ್ಯಾಪ್ಸೂಲು ಈಗಾಗಲೇ ನುಂಗುತ್ತಿದ್ದರೆ ಅದನ್ನು ವೈದ್ಯರಿಗೆ ಮುಚ್ಚಿಡಬೇಡಿ. ಎದೆ ಹಿಡಿದುಕೊಂಡು, ಎಡಗೈಗೋ ದವಡೆಗೋ ನೋವು ಹರಿದು, ಮೈ ಬೆವೆತರೆ ಬೆಳ್ಳುಳ್ಳಿ ಜಗಿಯುತ್ತ, ಗ್ಯಾಸ್ ಇರಬಹುದೆಂದು ಸೋಡಾ ಕುಡಿಯುತ್ತ ಕೂರಬೇಡಿ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಗೆ ಸೇರಿದ ಸರಕಾರಿ ಆಸ್ಪತ್ರೆಗಳಲ್ಲಿ ಇಸಿಜಿ ಉಚಿತ, ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದೂ ಉಚಿತ.